ಡಾಕ್ಟ್ರು ಕೇಳಲಿ, ನಾವು ನಿಜ ಹೇಳೋಣ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಇವು ನಮ್ಮ ಊರುಗಳು. ಹೊಗೆಸೊಪ್ಪು ಬೇಯಿಸುವಾಗ ಕೈ ಸುಟ್ಟರೆ, ಹೊಟ್ಟೆ ನೋವು ಬಂದರೆ ನಾವು ಗಂಡಸರು ಆಸ್ಪತ್ರೆಗೆ ಹೋಗುತ್ತೇವೆ.

ಡಾಕ್ಟ್ರು ಕೇಳ್ತಾರೆ: "ಬೀಡಿ ಸೇದ್ತೀರಾ? ಕುಡೀತೀರಾ?"

ಇನ್ನೊಂದು ಮಾತೂ ಕೇಳಬೇಕು: "ಹೆಂಡತಿಗೆ ಹೊಡೀತೀರಾ?"

ಯಾಕೆ ಕೇಳಬೇಕು? 2019–21ರಲ್ಲಿ ಸರ್ಕಾರ ಕುಟುಂಬ ಆರೋಗ್ಯ ಸಮೀಕ್ಷೆ ಮಾಡಿತು. ಕರ್ನಾಟಕದಲ್ಲಿ ಮದುವೆಯಾದ 100 ಹೆಂಗಸರಲ್ಲಿ ಸುಮಾರು 44 ಜನ ಗಂಡನ ಹಿಂಸೆ ಅನುಭವಿಸಿದ್ದರು. ಪೆಟ್ಟು ತಿಂದವಳು ಆಸ್ಪತ್ರೆಯಲ್ಲಿ "ಜಾರಿ ಬಿದ್ದೆ" ಅನ್ನುತ್ತಾಳೆ. ಹೊಡೆದವನನ್ನು ಯಾರು ಕೇಳಬೇಕು?

ಕೇಳುವುದಕ್ಕೂ ರೀತಿ ಇದೆ. ಗಂಡಸು ಒಬ್ಬನೇ ಇದ್ದಾಗ ಕೇಳಬೇಕು. ಹೆಂಡತಿ ಹೇಳಿದ್ದನ್ನು ಗಂಡನಿಗೆ ಹೇಳಲೇಬಾರದು. ಹೇಳಿದರೆ ಮನೆಗೆ ಹೋದ ಮೇಲೆ ಅವಳಿಗೆ ಮತ್ತೆ ಪೆಟ್ಟು.

"ಕುಡಿದಿದ್ದೆ, ಅದಕ್ಕೇ ಹೊಡೆದೆ" ಅಂತೀವಿ. ಕುಡಿದಾಗ ಸಾಹುಕಾರರಿಗೆ ಹೊಡೀತೀವಾ? ಇಲ್ಲ. ಅಂದರೆ ಕೈ ನಮ್ಮ ಹಿಡಿತದಲ್ಲೇ ಇದೆ.

ಕುಡಿತ, ಸಿಟ್ಟು ಬಿಡಲು ಸಹಾಯ ಬೇಕೇ? 14416ಕ್ಕೆ ಫೋನ್ ಮಾಡೋಣ. ದುಡ್ಡಿಲ್ಲ.

ಅಕ್ಕ ತಂಗಿಯರೇ, ನಿಮ್ಮ ರಕ್ಷಣೆಗೆ 2005ರ ಕಾನೂನಿದೆ. ಸಹಾಯಕ್ಕೆ 181 ಇದೆ.

ಹೊಡೆಯುವುದು ಗಂಡಸುತನ ಅಲ್ಲ. ತಪ್ಪು ಒಪ್ಪಿ ಕೈ ತಡೆಯೋಣ.