ಒಂದು ಗಂಟೆಯ ಪಾಠ, ದಿನಕ್ಕೆ ಒಂದೂವರೆ ಜಿಬಿ ಡೇಟಾ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ನಮ್ಮ ಪದವಿ ಕಾಲೇಜುಗಳ ಸೆಮಿಸ್ಟರ್ ಅರ್ಧಕ್ಕೇ ನಿಂತಿತು. ಕಾಲೇಜಿನ ಬಾಗಿಲು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ. ಅಷ್ಟರೊಳಗೆ ಬಹಳ ಕಡೆ ಆದದ್ದು ಇಷ್ಟೇ: ಹಳೆಯ ವೇಳಾಪಟ್ಟಿಯನ್ನು ಹಾಗೇ ಎತ್ತಿ ಜೂಮ್‌ಗೆ ಹಾಕಿದರು. ಅಂಥ ದಿನ ಮತ್ತೆ ಬಂದರೆ ಹಾಗೆ ಮಾಡಬೇಡಿ.

ಏಕೆಂದು ಕೇಳುತ್ತೀರಾ? ಲೆಕ್ಕ ಹಾಕಿ ನೋಡಿ. ವಿಡಿಯೊ ತರಗತಿಗೆ ಗಂಟೆಗೆ ಸುಮಾರು ಅರ್ಧದಿಂದ ಒಂದು ಜಿಬಿ ಡೇಟಾ ಬೇಕು. ಹೆಚ್ಚಿನ ವಿದ್ಯಾರ್ಥಿಗಳ ಮೊಬೈಲ್ ಪ್ಯಾಕ್ ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿಯದು. ಎರಡು ಮೂರು ತರಗತಿಗೇ ಅದು ಖಾಲಿ. ಮನೆಯಲ್ಲಿ ಅಣ್ಣ ತಂಗಿ ಇಬ್ಬರೂ ಓದುವವರಾಗಿದ್ದು ಫೋನ್ ಒಂದೇ ಇದ್ದರೆ ಕಥೆ ಅಲ್ಲಿಗೇ ಮುಗಿಯಿತು. ಮಲೆನಾಡಿನಲ್ಲಂತೂ ಸಿಗ್ನಲ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತಿದರು.

ಹಾಗಾದರೆ ದಾರಿ? ಪಾಠವನ್ನು ಎರಡು ಭಾಗ ಮಾಡಿ. ಮೊದಲನೆಯದು ಅಸಿಂಕ್ರೊನಸ್, ಅಂದರೆ ವಿದ್ಯಾರ್ಥಿ ತನಗೆ ಬಿಡುವಾದಾಗ ಓದುವ, ಕೇಳುವ ಭಾಗ. ಎರಡನೆಯದು ಲೈವ್, ಎಲ್ಲರೂ ಒಂದೇ ಹೊತ್ತಿಗೆ ಸೇರುವುದು. ವಿವರಣೆಯೆಲ್ಲ ಮೊದಲ ಭಾಗಕ್ಕೆ ಹೋಗಲಿ. ಹತ್ತು ನಿಮಿಷದ ಧ್ವನಿಮುದ್ರಿಕೆ, ಜೊತೆಗೆ ನಾಲ್ಕು ಪುಟದ ಪಿಡಿಎಫ್ ಟಿಪ್ಪಣಿ ಸಾಕು. ಎರಡೂ ಸೇರಿ ಕೆಲವೇ ಎಂಬಿ. ಹಿಂದಿನ ದಿನವೇ ವಾಟ್ಸ್‌ಆ್ಯಪ್‌ನಲ್ಲೋ ಗೂಗಲ್ ಕ್ಲಾಸ್‌ರೂಮ್‌ನಲ್ಲೋ ಕಳಿಸಿ. ಲೈವ್‌ಗೆ ಅರ್ಧ ಗಂಟೆ ಮೀಸಲಿಡಿ, ಅದೂ ಸಂದೇಹಗಳಿಗೆ ಮಾತ್ರ. ಕ್ಯಾಮೆರಾ ಆಫ್ ಇರಲಿ.

ಕ್ಯಾಮೆರಾ ಇಲ್ಲದಿದ್ದರೆ ಹುಡುಗರು ಕೇಳುತ್ತಿದ್ದಾರೋ ನಿದ್ದೆ ಮಾಡುತ್ತಿದ್ದಾರೋ ಹೇಗೆ ತಿಳಿಯುವುದು ಎಂಬ ಸಂಶಯ ಸಹಜ. ಕೊನೆಯ ಬೆಂಚಿನ ವಿಷಯದಲ್ಲೂ ನಮಗೆ ಅಷ್ಟೇ ಗೊತ್ತಿದ್ದದ್ದು! ಟಿಪ್ಪಣಿಯ ಕೊನೆಗೆ ಗೂಗಲ್ ಫಾರ್ಮ್‌ನಲ್ಲಿ ಎರಡು ಪ್ರಶ್ನೆ ಕೊಡಿ. ಸಂಜೆಯೊಳಗೆ ಉತ್ತರ ಬಂದರೆ ಅದೇ ಹಾಜರಿ. ಯಾವ ಪ್ರಶ್ನೆಗೆ ಹೆಚ್ಚಿನವರು ತಪ್ಪು ಬರೆದಿದ್ದಾರೋ ಅಲ್ಲಿಂದಲೇ ಮರುದಿನದ ಮಾತು ಶುರುಮಾಡಿ.

ಪ್ರಯೋಗಾಲಯದ್ದು ಕಷ್ಟದ ಮಾತು. ಕೇಂದ್ರ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್ ಜಾಲತಾಣದಲ್ಲಿ ಪರದೆಯ ಮೇಲೆ ನಡೆಸಬಹುದಾದ ಪ್ರಯೋಗಗಳಿವೆ. ಸುರತ್ಕಲ್‌ನ ಎನ್‌ಐಟಿಕೆ ಕೂಡ ಇದರಲ್ಲಿ ಪಾಲುದಾರ. ಪ್ರಯೋಗದ ಕ್ರಮ ಕಲಿಯಲು ಅದು ಚೆನ್ನ. ಆದರೆ ಬ್ಯುರೆಟ್ ಹಿಡಿಯುವ ಕೈ ಪಳಗುವುದಿಲ್ಲ. ಆ ಗಂಟೆಗಳನ್ನು ಕಾಲೇಜು ತೆರೆದ ಮೇಲೆ ತುಂಬಿಕೊಡಲೇಬೇಕು.

ಪರೀಕ್ಷೆಗೆ ನೆನಪಿನಿಂದ ಬರೆಯುವ ಪ್ರಶ್ನೆ ಬೇಡ, ಪುಸ್ತಕ ನೋಡಿದರೂ ಯೋಚಿಸಿಯೇ ಬರೆಯಬೇಕಾದದ್ದನ್ನು ಕೇಳಿ. ಪರೀಕ್ಷೆ ಉದ್ದವಾಗಿಯೂ ಇರಬೇಕಿಲ್ಲ: 2020ರ ಏಪ್ರಿಲ್‌ನಲ್ಲಿ ಯುಜಿಸಿ ಕೊಟ್ಟ ಮಾರ್ಗಸೂಚಿಯೇ ಮೂರು ಗಂಟೆಯ ಪರೀಕ್ಷೆಯನ್ನು ಎರಡು ಗಂಟೆಗೆ ಇಳಿಸಬಹುದು ಎಂದಿತ್ತು.

ಖರ್ಚು ಹೆಚ್ಚಿಲ್ಲ. ಗೂಗಲ್ ಕ್ಲಾಸ್‌ರೂಮ್ ಉಚಿತ. ಪರದೆಯನ್ನು ರೆಕಾರ್ಡ್ ಮಾಡುವ ಓಬಿಎಸ್ ಸ್ಟುಡಿಯೊ ತಂತ್ರಾಂಶವೂ ಉಚಿತ. ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ತಾನೇ ಕಡಿದುಹೋಗುತ್ತದೆ. ಲೈವ್ ಚಿಕ್ಕದಾಗಿರಲು ಇದೂ ಒಂದು ನೆಪ. ಒಂದು ಇಯರ್‌ಫೋನ್ ಮಾತ್ರ ಒಳ್ಳೆಯದನ್ನೇ ಕೊಳ್ಳಿ. ಚಿತ್ರ ಮಸುಕಾದರೆ ಸಹಿಸಬಹುದು, ದನಿ ಕೇಳದಿದ್ದರೆ ಪಾಠವೇ ಇಲ್ಲ.

ಎಲ್ಲವನ್ನೂ ನೀವೇ ತಯಾರಿಸಬೇಕಿಲ್ಲ. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿ ಪೂರ್ತಿ ಕೋರ್ಸ್‌ಗಳೇ ಇವೆ, ಕಲಿಯಲು ಹಣ ಬೇಡ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಇಂಟರ್‌ನೆಟ್ಟೇ ಇಲ್ಲದ ಮನೆಗೆ ಸ್ವಯಂ ಪ್ರಭಾ ಟಿವಿ ವಾಹಿನಿಗಳಿವೆ. ದಿನಕ್ಕೆ ನಾಲ್ಕು ಗಂಟೆಯ ಹೊಸ ಪಾಠ ಹಾಕಿ ಅದನ್ನೇ ಮತ್ತೆ ಐದು ಬಾರಿ ಪ್ರಸಾರ ಮಾಡುವ ಏರ್ಪಾಡು ಅದು. ಆದರೆ ಈ ಪಾಠಗಳಲ್ಲಿ ಬಹುಪಾಲು ಇಂಗ್ಲಿಷ್‌ನಲ್ಲಿರುವುದರಿಂದ, ಕನ್ನಡ ಮಾಧ್ಯಮದಿಂದ ಬಂದವರಿಗೆ ನಿಮ್ಮ ಹತ್ತು ನಿಮಿಷದ ಕನ್ನಡ ವಿವರಣೆ ಬೇಕೇ ಬೇಕು.

ಶುರುಮಾಡುವ ಮುನ್ನ ಒಂದು ಕೆಲಸ: ತರಗತಿಯಲ್ಲಿ ಯಾರ ಬಳಿ ಸ್ವಂತ ಫೋನ್ ಇದೆ, ಯಾರ ಊರಿಗೆ ನೆಟ್‌ವರ್ಕ್ ಸಿಗುತ್ತದೆ ಎಂದು ಪಟ್ಟಿ ಮಾಡಿ. ಇಲ್ಲದವರಿಗೆ ಟಿಪ್ಪಣಿಯನ್ನು ಅಂಚೆಯಲ್ಲಿ ಕಳಿಸಿ, ವಾರಕ್ಕೊಮ್ಮೆ ಮನೆಯವರ ಅಥವಾ ನೆರೆಯವರ ಫೋನ್‌ಗೆ ಕರೆ ಮಾಡಿ ಮಾತಾಡಿ.