ಬೇಲಿಬದಿಯ ಸೊಪ್ಪು: ಸವಿಯೂ ಎಚ್ಚರವೂ

ಉದರನಿರ್ವಾಹಕ್ಕಾಗಿ ಮುಂಬಯಿಗೆ ಬಂದು ನೆಲೆಸಿದ ನಮ್ಮಲ್ಲಿ ಅನೇಕರಿಗೆ ಮಳೆಗಾಲವೆಂದರೆ ಹಳಿಗಳ ಮೇಲೆ ನಿಂತ ನೀರು, ತಡವಾಗಿ ಬರುವ ಲೋಕಲ್ ಗಾಡಿ, ಒಣಗದ ಬಟ್ಟೆ, ಇಷ್ಟೇ. ಆದರೆ ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಆಟಿ ತಿಂಗಳ ಮಳೆಯೊಡನೆ ಬೇಲಿಬದಿಯಲ್ಲಿ ತಾನಾಗಿ ಮೊಳೆಯುವ ಸೊಪ್ಪಿನ ನೆನಪೂ ಬೆಸೆದುಕೊಂಡಿರುತ್ತದೆ. ಬಿತ್ತಿದವರಿಲ್ಲ, ನೀರೆರೆದವರಿಲ್ಲ, ಗುರುತು ಬಲ್ಲ ಕೈಯೊಂದಿದ್ದರೆ ಸಾಕು.

ಈ ಸಂಪತ್ತು ಊರಿನಲ್ಲಿಯೇ ಉಳಿಯಿತೆಂದು ನಾನು ಬಹುಕಾಲ ಭಾವಿಸಿದ್ದೆ. ಒಂದು ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದಿದ್ದ ತಾಯಿಯವರು ದಾದರ್ ನಿಲ್ದಾಣದ ಹೊರಗೆ ಥಟ್ಟನೆ ನಿಂತರು. ಆದಿವಾಸಿ ಹೆಂಗಸೊಬ್ಬಳ ಮುಂದೆ ಎಳೆಯ ಸೊಪ್ಪಿನ ಕಟ್ಟುಗಳಿದ್ದವು. “ಇದು ನಮ್ಮ ತಜಂಕ್ ಅಲ್ಲವೇನೋ?” ಎಂದರು. ಆಕೆ “ಟಾಕಳಾ” ಎಂದಳು. ನುಡಿ ಬೇರೆ, ಸೊಪ್ಪು ಒಂದೇ. ಕನ್ನಡದಲ್ಲಿ ಅದಕ್ಕೆ ತಗಟೆಯೆಂದು ಹೆಸರು. ಹಾಗೆಯೇ ನಮ್ಮ ಮಡಹಾಗಲ ಇಲ್ಲಿ ಕಂಟೋಲಿ. ಕೆಸು ಇಲ್ಲಿ ಅಳೂ. ಕೆಸುವಿನ ಎಲೆಗೆ ನಾವು ಅಕ್ಕಿಯ ಹಿಟ್ಟು ಸವರಿ ಪತ್ರೊಡೆ ಮಾಡಿದರೆ, ಮರಾಠಿಗರು ಕಡಲೆಹಿಟ್ಟು ಸವರಿ ವಡಿ ಮಾಡುತ್ತಾರೆ.

ಉತ್ಸಾಹಗೊಂಡ ನಾನು ಮರುಭಾನುವಾರ ಕಾಲೊನಿಯ ಗೋಡೆಯ ಬದಿಯಿಂದ ಒಂದು ಚೀಲ ಸೊಪ್ಪು ಕಿತ್ತು ತಂದೆ. ತಾಯಿಯವರು ಅದರಲ್ಲಿ ಅರ್ಧವನ್ನು ಎತ್ತಿ ಎಸೆದರು. ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ತಾಳೆ ನೋಡದೆ ಹಣ ಕೊಡದ ನಾನು, ಎಲೆಯ ಸಹಿಯನ್ನು ನೋಡಿರಲಿಲ್ಲ!

ತಗಟೆಯ ಒಂದೊಂದು ಕಡ್ಡಿಗೆ ಸಾಮಾನ್ಯವಾಗಿ ಮೂರು ಜೊತೆ ಕಿರುಎಲೆಗಳು. ತುದಿ ಅಗಲ, ದುಂಡು. ಅದರ ದಾಯಾದಿಯಾದ ಕಾಸಮರ್ದಕ್ಕೆ ನಾಲ್ಕು, ಐದು ಅಥವಾ ಹೆಚ್ಚು ಜೊತೆ, ತುದಿ ಚೂಪು. ಪಶ್ಚಿಮ ಉತ್ತರಪ್ರದೇಶದಲ್ಲಿ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ನಿಗೂಢ ಕಾಯಿಲೆಯೊಂದಕ್ಕೆ ಈ ಕಾಸಮರ್ದದ ಬೀಜವೇ ಕಾರಣವೆಂದು ವೈದ್ಯರು 2007ರಲ್ಲಿ ಪ್ರಕಟಿಸಿದರು. ಆಟಿ ಅಮಾವಾಸ್ಯೆಯ ಹಾಲೆ ಕಷಾಯದ ವಿಷಯದಲ್ಲಿಯೂ ಇದೇ ಮಾತು. ಹಾಲೆಯೆಂದು ಭ್ರಮಿಸಿ ಕಾಸರಕದ ತೊಗಟೆ ತಂದರೆ ಅದರಲ್ಲಿರುವ ಸ್ಟ್ರಿಕ್ನೀನ್ ವಿಷ ಪ್ರಾಣಕ್ಕೇ ಎರವಾದೀತು.

ಕೆಸುವಿನ ತುರಿಕೆಗೆ ಅದರೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕಾರಣ. ಹುಣಸೆಹುಳಿ ಬೆರೆಸಿ ಚೆನ್ನಾಗಿ ಬೇಯಿಸುವ ಹಿರಿಯರ ಪದ್ಧತಿ ಆ ತುರಿಕೆಯನ್ನು ತಗ್ಗಿಸುತ್ತದೆ. ಆದರೂ ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ತಿನ್ನುವುದು ಲೇಸು.

ಚರಂಡಿಯ ಅಂಚು, ರೈಲು ಹಳಿಯ ಬದಿ, ಕಾರ್ಖಾನೆಯ ಆವರಣಗಳಲ್ಲಿ ಬೆಳೆದ ಸೊಪ್ಪನ್ನು ಮುಟ್ಟಬಾರದು. ಕೊಳಕೂ ಸೀಸದಂಥ ಲೋಹಗಳೂ ಅದರಲ್ಲಿ ಸೇರಿರಬಹುದು. ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಗಿಡ ಕೀಳುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಿಷೇಧವಿದೆ. ಅಲ್ಲಿ ಕಣ್ಣಿಗೆ ಮಾತ್ರ ಹಬ್ಬ. ಭಾಯಖಳಾದಲ್ಲಿ 1862ರಲ್ಲಿ ತೆರೆದ ರಾಣಿಬಾಗ್‌ಗೆ ಮಕ್ಕಳನ್ನು ಕರೆದೊಯ್ಯುವವರು ಆನೆ, ಹುಲಿಗಳೊಡನೆ ನಾಲ್ಕು ಮರಗಳನ್ನೂ ಎಲೆ ನೋಡಿ ಗುರುತಿಸಲು ಕಲಿಸಿದರೆ ಅದೇ ಮೊದಲ ಪಾಠ. ಸೊಪ್ಪನ್ನಾದರೋ ಬಲ್ಲ ಮಾರಾಟಗಾರ್ತಿಯಿಂದಲೇ ಕೊಳ್ಳೋಣ.

ನನ್ನ ತಾಯಿಯವರು ಈಗಿಲ್ಲ. ಅವರಿಂದ ನಾನು ಸರಿಯಾಗಿ ಕಲಿತದ್ದು ಮೂರೇ ಸೊಪ್ಪುಗಳ ಗುರುತು. ಅವರಿಗೆ ತಿಳಿದಿದ್ದುದು ಮೂವತ್ತಕ್ಕೂ ಮಿಕ್ಕಿ. ಊರಿನಿಂದ ಹಿರಿಯರು ಈ ಮಳೆಗಾಲ ನಿಮ್ಮ ಮನೆಗೆ ಬಂದಲ್ಲಿ, ಅವರನ್ನು ಒಮ್ಮೆ ಸೊಪ್ಪಿನ ಪೇಟೆಗೆ ಕರೆದೊಯ್ಯಿರಿ, ಜೊತೆಗೆ ಮಕ್ಕಳನ್ನೂ.