ಕುದುರೆಯ ಕಣ್ಣಲ್ಲಿ ಹುಳು: ನಮ್ಮ ಕೊಟ್ಟಿಗೆಗೇನು ಸಂಬಂಧ?



ಸುಗ್ಗಿ ಮುಗಿದು ಹೊಲ ಖಾಲಿಯಾದಾಗ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿಕೊಳ್ಳುವ ಪದ್ಧತಿ ನಮ್ಮ ಹಲವು ಹಳ್ಳಿಗಳಲ್ಲಿ ಇಂದಿಗೂ ಇದೆ. ಕುರಿಗಾರರ ಜೊತೆ ಹಾಸಿಗೆ, ಪಾತ್ರೆ, ಎಳೆಮರಿಗಳನ್ನು ಹೊತ್ತ ಒಂದೆರಡು ಸಣ್ಣ ಕುದುರೆಗಳೂ ಬರುತ್ತವೆ. ಅಂಥ ಕುದುರೆಯೊಂದು ಒಂದು ಕಣ್ಣು ಮುಚ್ಚಿಕೊಂಡು ನೀರು ಸುರಿಸುತ್ತಾ ನಿಂತಿದೆ ಎಂದುಕೊಳ್ಳಿ. "ಅಕ್ಕಾ, ನಮ್ಮ ಕುದುರಿ ಕಣ್ಣಾಗ ಬಿಳಿ ದಾರದಂಗ ಏನೋ ಹರದಾಡಾಕತ್ತೈತಿ, ನೋಡ್ರಿ" ಎಂದು ಕುರಿಗಾರರ ಹೆಣ್ಣುಮಗಳು ಕರೆಯುತ್ತಾಳೆ. ಹತ್ತಿರ ಹೋಗಿ ನೋಡಿದರೆ ಕರಿ ಗುಡ್ಡೆಯ ಮುಂದಿನ ನೀರಿನಲ್ಲಿ ನಿಜಕ್ಕೂ ಒಂದು ಹುಳು ಈಜುತ್ತಿದೆ!

ಮನೆಯಲ್ಲಿ ಹಸು ಕಟ್ಟಿಕೊಂಡವರಿಗೆ ಮೊದಲು ಬರುವ ಭಯ ಒಂದೇ: "ಇದು ನಮ್ಮ ರಾಸಿಗೂ ಅಂಟಿದರೆ ಗತಿಯೇನು?" ಎಷ್ಟೋ ಕಡೆ ಕುದುರೆಯನ್ನು ದೂರ ಕಟ್ಟಿ ಎಂದು ಜಗಳವೇ ಆಗುತ್ತದೆ. ಆದರೆ ವಿಷಯ ತಿರುವುಮುರುವಾಗಿದೆ. ಆ ಹುಳು ಕುದುರೆಯಿಂದ ದನಕ್ಕೆ ಬರುವುದಲ್ಲ. ನಮ್ಮ ದೇಶದಲ್ಲಿ ಬಹುಪಾಲು ಅದು ದನ ಎಮ್ಮೆಗಳಿಂದಲೇ ಕುದುರೆಗೆ ಹೋಗಿರುತ್ತದೆ.

ಕಣ್ಣಿನ ಹುಳುಗಳಲ್ಲಿ ಎರಡು ಬಗೆ ಇವೆ. ಕಣ್ಣುಗುಡ್ಡೆಯ ಒಳಗೆ ಸೇರುವುದು ಒಂದು, ರೆಪ್ಪೆಯ ಕೆಳಗೆ ಹೊರಗಡೆಯೇ ಇರುವುದು ಇನ್ನೊಂದು. ಮೊದಲನೆಯದನ್ನು ಸೊಳ್ಳೆ ತರುತ್ತದೆ, ಎರಡನೆಯದನ್ನು ನೊಣ. ಎರಡನ್ನೂ ತಿಳಿದುಕೊಳ್ಳೋಣ.

ಒಳಗಿನ ಹುಳು: ಸೊಳ್ಳೆ ತರುವುದು

ಈ ಹುಳುವಿನ ಹೆಸರು ಸೆಟೇರಿಯಾ. ಬೆರಳುದ್ದದ ಬಿಳಿ ದಾರದಂತಿರುವ ಇದರ ಸ್ವಂತ ಮನೆ ದನ ಮತ್ತು ಎಮ್ಮೆಯ ಹೊಟ್ಟೆಯ ಪೊಳ್ಳು. ಕರುಳಿನ ಒಳಗಲ್ಲ, ಹೊರಗೆ. ಅಲ್ಲಿ ಇದು ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಹಸು ಮೇಯುತ್ತದೆ, ಮೆಲುಕು ಹಾಕುತ್ತದೆ, ಹಾಲು ಕೊಡುತ್ತದೆ. ಹುಳು ಇರುವುದು ನಮಗೆ ಗೊತ್ತೇ ಆಗುವುದಿಲ್ಲ.

ಹೆಣ್ಣು ಹುಳು ಹಾಕುವ ಕಣ್ಣಿಗೆ ಕಾಣದ ಮರಿಗಳು ರಕ್ತದಲ್ಲಿ ಸುತ್ತುತ್ತವೆ. ಹಸುವನ್ನು ಕಚ್ಚಿದ ಸೊಳ್ಳೆಯ ಹೊಟ್ಟೆ ಸೇರಿ, ಸುಮಾರು ಎರಡು ವಾರ ಅಲ್ಲಿ ಬೆಳೆದು, ಸೊಳ್ಳೆ ಮತ್ತೆ ಕಚ್ಚಿದಾಗ ಇನ್ನೊಂದು ಪ್ರಾಣಿಗೆ ದಾಟುತ್ತವೆ. ಅದು ದನವಾದರೆ ಹೊಟ್ಟೆ ಸೇರಿ ತಣ್ಣಗಿರುತ್ತವೆ. ಕುದುರೆ, ಕುರಿ, ಮೇಕೆಯಾದರೆ ದಾರಿ ತಪ್ಪುತ್ತವೆ. ಕುದುರೆಯಲ್ಲಿ ಕಣ್ಣಿಗೆ ನುಗ್ಗುವುದುಂಟು. ಮಿದುಳು, ಬೆನ್ನುಹುರಿಗೆ ಹೋದರೆ ಹಿಂಗಾಲುಗಳ ಬಲ ಹೋಗಿ ಸೊಂಟ ಬೀಳುತ್ತದೆ. ಕುದುರೆಯ ಈ ಕಾಯಿಲೆಗೆ ಉತ್ತರ ಭಾರತದಲ್ಲಿ 'ಕುಮ್ರಿ' ಎಂಬ ಹಳೆಯ ಹೆಸರೇ ಇದೆ. ಕುರಿ, ಮೇಕೆಗಳೂ ಹೀಗೆ ಸೊಂಟ ಬಿದ್ದು ಮಲಗುವುದುಂಟು. ದನದ ಜೊತೆಗೆ ನಾಲ್ಕು ಮೇಕೆ ಸಾಕಿಕೊಂಡ ನಮ್ಮ ಸಹೋದರಿಯರು ಇದನ್ನು ನೆನಪಿಡಬೇಕು.

ಹುಳು ಕಣ್ಣಿನೊಳಗೆ ಓಡಾಡಿದಂತೆಲ್ಲ ಕುದುರೆಗೆ ನೋವು, ನೀರು ಸುರಿತ. ಬೆಳಕು ನೋಡಲಾಗದು. ಕ್ರಮೇಣ ಗುಡ್ಡೆ ಮಂಜಾಗಿ, ಬಿಟ್ಟರೆ ಆ ಕಣ್ಣೇ ಹೋಗುತ್ತದೆ. ಇದು ಹೊಸ ರೋಗವೇನಲ್ಲ. 1780ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಇಂಥದೇ ಒಂದು ಕುದುರೆಯನ್ನು ಕಣ್ಣಲ್ಲಿ ಜೀವಂತ ಹಾವಿದೆ ಎಂದು ಜನರಿಗೆ ತೋರಿಸಿದ್ದರು. ಹಾವಲ್ಲ, ಹುಳು.

ಇದಕ್ಕೆ ದಾರಿ ಶಸ್ತ್ರಚಿಕಿತ್ಸೆ. ಪಶುವೈದ್ಯರು ಕುದುರೆಗೆ ಮಂಪರು ಮತ್ತು ಅರಿವಳಿಕೆ ಕೊಟ್ಟು, ಕರಿಗುಡ್ಡೆಯ ಅಂಚಿನಲ್ಲಿ ಸಣ್ಣ ರಂಧ್ರ ಮಾಡುತ್ತಾರೆ. ಒಳಗಿನ ನೀರಿನ ಜೊತೆಗೆ ಹುಳು ಹೊರಬರುತ್ತದೆ. ಆಮೇಲೆ ಕೆಲವು ದಿನ ಕಣ್ಣಿನ ಔಷಧಿ ಹಾಕಬೇಕು. ಬರೀ ಇಂಜೆಕ್ಷನ್ ಕೊಟ್ಟು ಹುಳುವನ್ನು ಒಳಗೇ ಸಾಯಿಸಿದರೆ ಸತ್ತ ಹುಳುವಿನಿಂದ ಕಣ್ಣು ಇನ್ನಷ್ಟು ಊದಿಕೊಳ್ಳಬಹುದು. ಆದ್ದರಿಂದ ತೆಗೆಯುವುದೇ ಮೇಲು. ಬೇಗ ತೋರಿಸಿದಷ್ಟೂ ದೃಷ್ಟಿ ಉಳಿಯುವ ಅವಕಾಶ ಹೆಚ್ಚು. ನಿಮ್ಮ ಹೊಲದಲ್ಲಿ ಬೀಡುಬಿಟ್ಟವರ ಕುದುರೆಗೆ ಹೀಗಾದರೆ ದೂರ ಅಟ್ಟಬೇಡಿ, ಆಸ್ಪತ್ರೆಯ ದಾರಿ ತೋರಿಸಿ. ಆ ಕುದುರೆ ಅವರ ನಡೆದಾಡುವ ಮನೆ.

ಹೊರಗಿನ ಹುಳು: ನೊಣ ತರುವುದು

ನಮ್ಮ ಹಸು ಎಮ್ಮೆಗಳಿಗೆ ಹೆಚ್ಚು ಕಾಟ ಕೊಡುವುದು ಈ ಎರಡನೆಯದು. ಹೆಸರು ಥೆಲೇಜಿಯಾ. ಒಂದರಿಂದ ಎರಡು ಸೆಂಟಿಮೀಟರ್ ಉದ್ದ, ಹೊಲಿಗೆ ದಾರದಷ್ಟು ತೆಳು, ಬಿಳಿ ಬಣ್ಣ. ರೆಪ್ಪೆಯ ಒಳಗೆ, ಮೂಗಿನ ಕಡೆಯ ಮೂಲೆಯಲ್ಲಿರುವ ಮೂರನೇ ರೆಪ್ಪೆಯ ಹಿಂದೆ, ಕಣ್ಣೀರಿನ ನಾಳದಲ್ಲಿ ಅಡಗಿರುತ್ತದೆ. ಕುದುರೆಗೂ ಇದೇ ಜಾತಿಯ ಬೇರೆ ಹುಳು ಉಂಟು.

ರಾಸಿನ ಮುಖಕ್ಕೆ ಮುತ್ತುವ ನೊಣಗಳನ್ನು ನೋಡಿದ್ದೀರಲ್ಲ? ಅವು ಕಚ್ಚುವುದಿಲ್ಲ, ಕಣ್ಣೀರು ಹೀರುತ್ತವೆ. ಹೀರುವಾಗ ಹುಳುವಿನ ಮರಿಗಳೂ ಹೊಟ್ಟೆ ಸೇರುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ಬೆಳೆದ ಮರಿಗಳನ್ನು ನೊಣ ಇನ್ನೊಂದು ಹಸುವಿನ ಕಣ್ಣಿಗೆ ಬಿಡುತ್ತದೆ. ಒಂದು ರಾಸಿಗೆ ಬಂದರೆ ಕೊಟ್ಟಿಗೆಯಲ್ಲಿ ಉಳಿದವಕ್ಕೂ ಹರಡುವುದು ಹೀಗೆ.

ಹುಳುವಿನ ಮೈಮೇಲಿನ ಸಣ್ಣ ಗೆರೆಗಳು ಕಣ್ಣನ್ನು ಅರದಂತೆ ಉಜ್ಜುತ್ತವೆ. ಮೊದಲು ನೀರು, ಆಮೇಲೆ ಕೆಂಪು, ಗೀಜು. ಕೊನೆಗೆ ಗುಡ್ಡೆಯ ಮೇಲೆ ಬಿಳಿ ಕಲೆ. "ಕಣ್ಣಿಗೆ ಹೂ ಬಿದ್ದಿದೆ" ಎನ್ನುತ್ತೇವಲ್ಲ, ಅದಕ್ಕೆ ಒಂದು ಕಾರಣ ಇದೂ ಇರಬಹುದು. ನೋವಿನಿಂದ ತಲೆ ಒದರುತ್ತಾ, ನೊಣಕ್ಕೆ ಹೆದರಿ ಮೇವು ಬಿಟ್ಟ ಹಸುವಿನ ಹಾಲು ಇಳಿಯದೆ ಇರುತ್ತದೆಯೇ? ಕಣ್ಣು ಹೋದ ಹಸುವಿಗೆ ಸಂತೆಯಲ್ಲಿ ಬೆಲೆಯೂ ಇಲ್ಲ.

ನೋಡುವುದು ಹೇಗೆ?

ಬೆಳಗಿನ ಹಾಲು ಕರೆದ ಮೇಲೆ, ವಾರಕ್ಕೊಮ್ಮೆಯಾದರೂ ರಾಸನ್ನು ಬೆಳಕಿಗೆ ತಿರುಗಿಸಿ ಎರಡೂ ಕಣ್ಣು ನೋಡಿ. ಮೂಗುದಾರ ಅಥವಾ ಹಗ್ಗವನ್ನು ಗಿಡ್ಡಕ್ಕೆ ಕಟ್ಟಿ, ಒಬ್ಬರು ತಲೆ ಹಿಡಿಯಲಿ. ಕೈ ತೊಳೆದುಕೊಂಡು ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು ಮೂಲೆಯವರೆಗೆ ನೋಡಿ.

- ಬಿಳಿ ಎಳೆ ಕಂಡರೆ ಒಂದು ನಿಮಿಷ ದಿಟ್ಟಿಸಿ. ಹುಳುವಾದರೆ ಹೊಸೆದುಕೊಂಡು ಚಲಿಸುತ್ತದೆ. ಗೀಜಿನ ಎಳೆ ಚಲಿಸುವುದಿಲ್ಲ.
- ಹುಳು ಕಾಣದಿದ್ದರೂ ನೀರು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಹುಲ್ಲಿನ ಕಡ್ಡಿ, ಹೊಟ್ಟು ಸಿಕ್ಕಿರಬಹುದು, ಅಥವಾ ನೊಣದಿಂದಲೇ ಹರಡುವ ಸೋಂಕಿನ ಕಣ್ಣುಬೇನೆ ಇರಬಹುದು. ಒಂದೊಂದಕ್ಕೂ ಔಷಧಿ ಬೇರೆ.
- ಒಂದರ ಕಣ್ಣಲ್ಲಿ ಹುಳು ಸಿಕ್ಕರೆ ಉಳಿದ ಎಲ್ಲ ರಾಸುಗಳ, ಕರುಗಳ ಕಣ್ಣನ್ನೂ ನೋಡಿಸಿ.

ಇವನ್ನು ಮಾಡಲೇಬೇಡಿ

ಕಣ್ಣಿಗೆ ಹೊಗೆಸೊಪ್ಪಿನ ರಸ ಬಿಡುವುದು, ಎಲೆಅಡಿಕೆ ಉಗುಳುವುದು, ಉಪ್ಪು, ಸುಣ್ಣ ಹಾಕುವುದು ಹಿಂದಿನಿಂದ ಬಂದ ರೂಢಿ. ಉರಿಗೆ ಹುಳು ಹೊರಬಂದರೂ ಬರಬಹುದು, ಆದರೆ ಗುಡ್ಡೆ ಸುಟ್ಟು ಹೂ ಬೀಳುತ್ತದೆ. ಉಳಿಯಬೇಕಾದ ಕಣ್ಣು ಔಷಧಿಯ ಹೆಸರಿನಲ್ಲಿ ಹೋಗುತ್ತದೆ. ಬಟ್ಟೆ, ಪಿನ್ನು, ಚಿಮಟದಿಂದ ನೀವೇ ಹುಳು ತೆಗೆಯಲು ಹೋಗಬೇಡಿ. ರಾಸು ತಲೆ ಒದರಿದರೆ ಗುಡ್ಡೆಗೆ ಗಾಯವಾಗುತ್ತದೆ. ಮನೆಯಲ್ಲಿ ಉಳಿದ ಹಳೆಯ ಕಣ್ಣಿನ ಮುಲಾಮನ್ನೂ ಹಚ್ಚಬೇಡಿ. ಗುಡ್ಡೆಯಲ್ಲಿ ಹುಣ್ಣಿದ್ದಾಗ ಕೆಲವು ಮುಲಾಮುಗಳು ಅಪಾಯ.

ವೈದ್ಯರು ಬರುವವರೆಗೆ ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಕಣ್ಣಿನ ಸುತ್ತಲಿನ ಗೀಜು ಒರೆಸಿ, ರಾಸನ್ನು ನೆರಳಿನಲ್ಲಿ ಕಟ್ಟಿದರೆ ಸಾಕು.

ಚಿಕಿತ್ಸೆ ಮತ್ತು ಹಾಲು

ವೈದ್ಯರು ಕಣ್ಣಿಗೆ ಅರಿವಳಿಕೆ ಹನಿ ಹಾಕಿ, ಹುಳುಗಳನ್ನು ತೆಗೆದು ತೊಳೆಯುತ್ತಾರೆ. ಜೊತೆಗೆ ಜಂತುನಾಶಕ ಕೊಡುತ್ತಾರೆ. ಇದರ ಪ್ರಮಾಣ ರಾಸಿನ ತೂಕದ ಮೇಲೆ ನಿಂತಿದೆ. ಹೆಚ್ಚಾದರೆ ವಿಷವಾಗುತ್ತದೆ. ಅಂಗಡಿಯಿಂದ ತಂದು ಅಂದಾಜಿನಲ್ಲಿ ಕೊಡಬೇಡಿ.

ರಾಸು ಹಾಲು ಕೊಡುತ್ತಿದೆಯೇ, ಗಬ್ಬವಾಗಿದೆಯೇ, ಎಷ್ಟು ತಿಂಗಳು ಎಂಬುದನ್ನು ಮೊದಲೇ ಹೇಳಿ. ಕೆಲವು ಜಂತುನಾಶಕಗಳ ಅಂಶ ಹಾಲಿನಲ್ಲಿ ಬಹಳ ದಿನ ಬರುತ್ತದೆ. "ಡಾಕ್ಟ್ರೇ, ಎಷ್ಟು ದಿನ ಈ ಹಾಲು ಸಂಘಕ್ಕೆ ಹಾಕಬಾರದು?" ಎಂದು ತಪ್ಪದೆ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಷ್ಟು ದಿನ ಆ ಹಾಲು ಸಂಘಕ್ಕೂ ಬೇಡ, ಮನೆಗೂ ಬೇಡ.

ನೊಣ, ಸೊಳ್ಳೆ ತಗ್ಗಿಸಿದರೆ ಅರ್ಧ ಗೆದ್ದಂತೆ

- ಸಗಣಿ, ಗಂಜಲ ದಿನಕ್ಕೆರಡು ಬಾರಿ ತೆಗೆಯಿರಿ. ಸೆಕೆಗಾಲದಲ್ಲಿ ಮನೆನೊಣದ ಮೊಟ್ಟೆ ಏಳರಿಂದ ಹತ್ತು ದಿನದಲ್ಲಿ ನೊಣವಾಗಿ ಹಾರುತ್ತದೆ.
- ತಿಪ್ಪೆ ಕೊಟ್ಟಿಗೆಯಿಂದ ದೂರವಿರಲಿ. ಒತ್ತಾಗಿ ಪೇರಿಸಿ ಮಣ್ಣು ಅಥವಾ ಹಾಳೆ ಮುಚ್ಚಿದರೆ ಒಳಗಿನ ಕಾವಿಗೆ ಮರಿಗಳು ಸಾಯುತ್ತವೆ. ಗೋಬರ್ ಗ್ಯಾಸ್ ಇದ್ದರೆ ಇನ್ನೂ ಒಳ್ಳೆಯದು.
- ಗಂಜಲದ ಗುಂಡಿ, ಒಡೆದ ಕಲಗಚ್ಚಿನ ಬಾನಿ, ಹಳೆಯ ಟೈರುಗಳಲ್ಲಿ ನೀರು ನಿಲ್ಲಲು ಬಿಡಬೇಡಿ. ನೀರು ಕುಡಿಯುವ ತೊಟ್ಟಿಯನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಒಣಗಿಸಿ.
- ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವುದಾದರೆ ಗಾಳಿ ಆಡುವಂತಿರಲಿ. ಸಾಧ್ಯವಾದರೆ ಕಿಟಕಿಗೆ ಸೊಳ್ಳೆ ಪರದೆ ಕಟ್ಟಿ.
- ಮೈಗೆ ಹಚ್ಚುವ ನೊಣನಾಶಕ ಬೇಕಿದ್ದರೆ ವೈದ್ಯರನ್ನು ಕೇಳಿಯೇ ಹಚ್ಚಿ. ಕಣ್ಣು, ಕೆಚ್ಚಲಿಗೆ ತಾಗಬಾರದು.

ಸಹೋದರಿಯರ ಪ್ರಶ್ನೆ

ಹಾಲು ಕುಡಿದರೆ ಹುಳು ಬರುತ್ತದೆಯೇ?
ಇಲ್ಲ. ಈ ಎರಡೂ ಹುಳು ಹಾಲಿನಿಂದ ಹರಡುವುದಿಲ್ಲ. ಒಂದಕ್ಕೆ ಸೊಳ್ಳೆ ಬೇಕು, ಇನ್ನೊಂದಕ್ಕೆ ನೊಣ ಬೇಕು.

ನಮ್ಮ ಕಣ್ಣಿಗೆ ಬರಬಹುದೇ?
ಬಹಳ ಅಪರೂಪ. ಅಮೆರಿಕದ ಆರೆಗಾನ್ ರಾಜ್ಯದ ಮಹಿಳೆಯೊಬ್ಬರ ಕಣ್ಣಿನಿಂದ 14 ಹುಳುಗಳನ್ನು ತೆಗೆದದ್ದು 2018ರಲ್ಲಿ ವರದಿಯಾಯಿತು. ಅದು ದನದ ಕಣ್ಣಿನ ಹುಳುವಿನ ಜಾತಿ. ಅವರು ದನ ಸಾಕುವ ಕರಾವಳಿ ಪ್ರದೇಶದಲ್ಲಿ ಕುದುರೆ ಸವಾರಿ ಮಾಡಿದ್ದರು. ಹುಳು ತೆಗೆದ ಮೇಲೆ ಅವರು ಗುಣವಾದರು. ಕೊಟ್ಟಿಗೆಯಲ್ಲಿ ಮುಖಕ್ಕೆ ನೊಣ ಕೂರಲು ಬಿಡಬೇಡಿ. ತೊಟ್ಟಿಲಿನ ಮಗುವಿಗೆ ಪರದೆ ಹಾಕಿ.

ಹಸುವಿನ ಕಣ್ಣಿನ ಒಳಗೂ ಹುಳು ಈಜುವುದುಂಟೇ?
ಉಂಟು, ಆದರೆ ಕುದುರೆಯಷ್ಟು ಸಾಮಾನ್ಯವಲ್ಲ. ಆಗಲೂ ಶಸ್ತ್ರಚಿಕಿತ್ಸೆಯೇ ಬೇಕು.

ಯಾರನ್ನು ಕರೆಯಬೇಕು?
ನಿಮ್ಮ ಸಂಘದ ಕಾರ್ಯದರ್ಶಿಗೆ ತಿಳಿಸಿದರೆ ಒಕ್ಕೂಟದ ಪಶುವೈದ್ಯರಿಗೆ ಸುದ್ದಿ ಮುಟ್ಟುತ್ತದೆ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೂ ಹೋಗಬಹುದು, 1962ಕ್ಕೂ ಕರೆ ಮಾಡಬಹುದು.

ಕೆಚ್ಚಲನ್ನು ದಿನಕ್ಕೆರಡು ಹೊತ್ತು ಮುಟ್ಟಿ ನೋಡುವ ಕೈ ನಮ್ಮದು. ವಾರಕ್ಕೊಂದು ಸಲ ಅದೇ ಕೈ ರೆಪ್ಪೆಯನ್ನೂ ಸರಿಸಿ ನೋಡಲಿ. ಎರಡು ನಿಮಿಷದ ಕೆಲಸ, ಒಂದು ಕಣ್ಣು ಉಳಿಯುತ್ತದೆ.